ಓಣಿಯ ಬೇವಿಗೆ ಬಂದ ಶ್ವೇತವ್ಯಾಧಿ

ಮರದ ತೊಗಟೆಗೆ ಕಿವಿಯಿಟ್ಟರೆ ಸಾಕು, ಅದರ ಮುತ್ತಜ್ಜ ಯಾವ ಕಾಡಿನಲ್ಲಿ ಎಂಥ ಕೆಮ್ಮಿನಿಂದ ಸತ್ತನೆಂಬುದನ್ನೂ ಹೇಳಬಲ್ಲವನು ಮೂರು ಲೋಕಕ್ಕೆ ಒಬ್ಬನೇ; ಆ ಒಬ್ಬನು ನಾನು. ದೇವದಾರುಗಳಿಗೆ ನೆಗಡಿಯಾದರೆ ಗಾಳಿಯ ಕೈಲಿ ನನಗೆ ಹೇಳಿಕಳಿಸುತ್ತವೆ. ನಂಬದವರು ಹಿಮಾಲಯಕ್ಕೆ ಹೋಗಿ ಕೇಳಬಹುದು.

ಎಲೈ ವನದೇವತೆಯೇ, ನನ್ನ ನಾಲಗೆಯ ಮೇಲೆ ಬಂದು ಕೂರು! ಕಲಿಯುಗದ ಪ್ರಥಮಪಾದದಲ್ಲಿ, ನೆತ್ತಿಬೇಯಿಸುವ ವೈಶಾಖದಲ್ಲಿ, ಗದಗಿನ ನಮ್ಮ ಓಣಿಯ ತಿರುವಿನ ಬೇವಿನ ಮರಕ್ಕೆ ಒದಗಿದ ಘೋರ ವಿಪತ್ತನ್ನೂ, ವೃಕ್ಷವೈದ್ಯಶಿಖಾಮಣಿಯೂ ತೊಗಟೆರೋಗಗಜಕೇಸರಿಯೂ ನಿವೃತ್ತ ಡ್ರಾಯಿಂಗ್ ಮಾಸ್ತರನೂ ಆದ ಈ ದುಂಡಪ್ಪನ ಪರಾಕ್ರಮವನ್ನೂ ಹಾಡುವೆನು.

ಆ ಮರದ ನೆರಳಿನಲ್ಲಿ ಸಾವಂತ್ರೆವ್ವ ಕಾಯಿಪಲ್ಯ ಮಾರುತ್ತಾಳೆ. ನೆರಳು ಹೋದರೆ ಅವಳ ಕೊತ್ತಂಬರಿ ಮುಂಜಾನೆಯೇ ಬಾಡುತ್ತದೆ, ಹಿಂದೆಯೇ ಅವಳ ಬದುಕೂ.

ಇಂತಿರಲು, ಮರದ ಹಿಂದಿನ ಮನೆಯ ಒಡೆಯನಾದ ಏಕಾಮ್ರವೃಕ್ಷಾಧಿಪತಿ ವಿರೂಪಾಕ್ಷಪ್ಪನು, ತನ್ನ ಗೋಡೆಯ ಕಡೆಯ ಮಗ್ಗುಲಲ್ಲಿ, ಬೇವಿನ ಎದೆಯ ಮೇಲೆ ಬೆಳ್ಳನೆಯ ಕಲೆಗಳನ್ನೂ ಬುಡದಲ್ಲಿ ರಕ್ತವರ್ಣದ ಸ್ರಾವವನ್ನೂ ಕಂಡು, ನಡುಗಿ, ಗರಗಸಪಾಣಿ ಮೌನೇಶನನ್ನು ಕರೆತಂದನು.

"ಈ ರೋಗ ನಾಳೆ ಗ್ವಾಡಿ ಹಾರಿ ನನ್ನ ಮಾವಿನ ಗಿಡಕ್ಕ ಬರತೈತಿ. ಕೊಯ್ಯಪಾ."

"ತಡೀರಿ ಸಾವಕಾರ್ರ! ಮೊದಲ ಮಾಸ್ತರನ್ನ ಕೇಳ್ರಿ," ಎಂದಳು ಸಾವಂತ್ರೆವ್ವ. "ದಿನಾ ಗಿಡದ ಹಿಂದ ನಿಂತು ಗಿಡದ ವಿದ್ಯಾನ ಹೇಳತಿರತಾರ."

ಆರ್ತಳ ಮೊರೆ ಕೇಳಿ ನಾನು ಧೋತರದ ಕಚ್ಚೆ ಬಿಗಿದು ರಣಕ್ಕಿಳಿದೆ. ಗೆಣ್ಣಿನಿಂದ ಕಾಂಡವನ್ನು ಬಡಿದೆ, ಗಟ್ಟಿ ಸದ್ದು. ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಚ್ಚಹಸಿರು. ಗಿಡಕ್ಕೇನೂ ಆಗಿಲ್ಲವೆಂದು ಹೇಳಿ ಊಟಕ್ಕೆ ಹೋಗುವುದು ಸಾಮಾನ್ಯರ ಲಕ್ಷಣ. ವೀರನಿಗೆ ತಕ್ಕ ವೈರಿ ಬೇಡವೇ?

"ಕೇಳು ವಿರೂಪಾಕ್ಷಪ್ಪ!" ಎಂದು ಗರ್ಜಿಸಿದೆ. "ಮ್ಯಾಲಿಂದು ಶ್ವೇತಮಹಾಬೂಷ್ಟು! ಬುಡದ್ದು ವೃಕ್ಷರಕ್ತಸ್ರಾವ! ಎರಡೂ ಕೂಡಿ ಬಂದಿದ್ದನ್ನ ಕಂಡು ಬದುಕಿ ಉಳಿದಾಂವ ನಾ ಒಬ್ಬನ! ಇದು ಹೊಕ್ಕ ಊರು ಬೆಳಗಾಗೋದರಾಗ ಬೋಳು!"

"ಕೇಳಿದೇನಬೇ? ಮಾಸ್ತರನ ಹೇಳ್ಯಾರ," ಎಂದ ವಿರೂಪಾಕ್ಷಪ್ಪ. "ಹೂಂ, ಹಚ್ಚಪಾ ಗರಗಸ."

ಬಿಟ್ಟ ಬಾಣ ಅರ್ಧದಾರಿಯಲ್ಲಿ ತಿರುಗಿ ನನ್ನತ್ತಲೇ ಬಂತು. ಸಾವಂತ್ರೆವ್ವ ಓಡಿಬಂದು ಮರವನ್ನು ತಬ್ಬಿದಳು. "ಏನ್ರೀ ಮಾಸ್ತರ, ಉಳಸ್ತೀರಿ ಅಂತ ಕರದ್ರ ಚಟ್ಟಾನ ಕಟ್ಟಿದ್ರಲ್ರೀ!"

ನಾನು ಧೃತಿಗೆಡಲಿಲ್ಲ. ಸಂಕಟ ಬಂದಾಗ ಯಾವಾಗಲೂ ಮಾಡುವುದನ್ನೇ ಮಾಡಿದೆ: ಚಂಚಿ ಬಿಚ್ಚಿ, ಎಲೆ ಒರೆಸಿ, ತೋರುಬೆರಳಿನಿಂದ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಬಾಯಿಗೆ ಹಾಕಿಕೊಂಡು, ಗಹನ ಚಿಂತನೆಯಲ್ಲಿ ಮುಳುಗಿದವನಾಗಿ, ಬೆರಳಿಗೆ ಉಳಿದ ಸುಣ್ಣವನ್ನು ಮರಕ್ಕೆ ಒರೆಸಿದೆ.

ಮರದತ್ತ ಬರುತ್ತಿದ್ದ ಗರಗಸ ನಿಂತಿತು. ಹೊಸ ಕಲೆ ಹಳೆಯ ಕಲೆಗಳ ಪಕ್ಕದಲ್ಲಿ ಅವುಗಳ ತಮ್ಮನಂತೆ ಬೆಳ್ಳಗೆ ಹೊಳೆಯಿತು.

"ಯವ್ವಾ!" ಎಂದಳು ಸಾವಂತ್ರೆವ್ವ. "ರೋಗ ಹುಟ್ಟೂದನ್ನ ಇವತ್ತ ಕಣ್ಣಾರೆ ಕಂಡೆ."

ವಿರೂಪಾಕ್ಷಪ್ಪ ನನ್ನ ಬೆರಳು ಹಿಡಿದು ಒಂದೊಂದೇ ಕಲೆಯ ಮೇಲೆ ಇಟ್ಟು ನೋಡಿದ. ಎಲ್ಲದಕ್ಕೂ ಸರಿಯಾಗಿ ಕೂತಿತು. "ಮತ್ತ ಬುಡದಾಗಿನ ರಕ್ತ, ಮಾಸ್ತರ?"

ಬಾಯಿ ತುಂಬಿತ್ತು. ಉತ್ತರ ಹೇಳಬೇಕೆಂದರೆ ಉಗುಳಬೇಕು. ಉಗುಳಿದರೆ ಅದೇ ಉತ್ತರ. ಮೂವರೂ ನನ್ನ ಗಲ್ಲವನ್ನೇ ನೋಡುತ್ತಿದ್ದರು. ತೊಗಟೆರೋಗಗಜಕೇಸರಿಯು ಕಣ್ಣು ಮುಚ್ಚಿ ನುಂಗಿತು.

"ಹೌದ್ರಿ," ಎಂದೆ. "ಸುಣ್ಣಾನೂ ನಂದ, ಕೆಂಪೂ ನಂದ. ಗಿಡಕ್ಕ ಏನೂ ಆಗಿಲ್ಲ. ಗಿಡದ ವಿದ್ಯಾ ನನಗ ಸುಡುಗಾಡೂ ಬರೂದಿಲ್ಲ."

ಮೌನೇಶ ಗರಗಸವನ್ನು ಹೆಗಲಿಗೇರಿಸಿದ. ಸಾವಂತ್ರೆವ್ವ ಸೊಪ್ಪಿಗೆ ಚಿಮುಕಿಸುವ ನೀರಿನ ಬಕೆಟ್ಟನ್ನೂ ಹಿಡಿ ತೆಂಗಿನನಾರನ್ನೂ ನನ್ನ ಮುಂದೆ ತಂದಿಟ್ಟು, "ತಿಕ್ಕರಿ," ಎಂದಳು.

ಶ್ವೇತಮಹಾಬೂಷ್ಟು ಅರ್ಧ ಬಕೆಟ್ಟಿಗೆ ಹೋಯಿತು. ಕೆಂಪು ಇನ್ನೂ ಹೋಗಿಲ್ಲ, ತಿಕ್ಕುತ್ತಿದ್ದೇನೆ.