ಹತ್ತು ಕುದುರೆ ಏಳೂವರೆಯಾದ ಬಗ್ಗೆ

ಸಂಖ್ಯೆ: ಅಳತೆ/ಪವರ್/ಕುದುರೆ/೭.೪೬

ಸುತ್ತೋಲೆ

ವಿಷಯ: ಕಚೇರಿಯ ಎಲ್ಲ ಪವರ್‌ಗಳನ್ನು ಅಶ್ವಶಕ್ತಿಯಿಂದ ಕಿಲೋವ್ಯಾಟ್‌ಗೆ ಪರಿವರ್ತಿಸಿದ ತರುವಾಯ ನಲ್ಲಿಯಲ್ಲಿ ನೀರು ಬರುವುದು ನಿಂತಿರುವ ಬಗ್ಗೆ.

ಉಲ್ಲೇಖ: ೧) ಇದೇ ಇಲಾಖೆಯ ಹಿಂದಿನ ಸುತ್ತೋಲೆ (ಹೊರಡಿಸಿದವರು ಯಾರೆಂದು ಯಾರೂ ಕೇಳತಕ್ಕದ್ದಲ್ಲ). ೨) ಪಂಪ್ ಆಪರೇಟರ್ ಅವರ ಮೌಖಿಕ ಉತ್ತರ, ಅವರ ಮನೆಯ ಗೇಟಿನ ಆಚೆಯಿಂದ.

೧. ಹಿಂದಿನ ಸುತ್ತೋಲೆಯಂತೆ, ಪವರ್ ಎಂದು ಕರೆಯಲಾಗುವ ಪ್ರತಿಯೊಂದನ್ನೂ ಒಂದು ಕುದುರೆಗೆ ೦.೭೪೬ ಕಿಲೋವ್ಯಾಟ್‌ನಂತೆ ಬದಲಾಯಿಸಲಾಯಿತು. ಹೆಡ್ ಕ್ಲರ್ಕ್ ಅವರ ಕನ್ನಡಕದ ಪವರನ್ನೂ ೨.೫ರಿಂದ ೧.೮೬೫ಕ್ಕೆ ಇಳಿಸಲಾಗಿದ್ದು, ಅಂದಿನಿಂದ ಅವರು ಕಡತಗಳನ್ನು ಕೈಯಿಂದ ಸವರಿ ವಿಲೇವಾರಿ ಮಾಡುತ್ತಿದ್ದಾರೆ. ಬಾಕಿ ಕಡತಗಳು ಕಡಿಮೆಯಾಗಿರುವುದನ್ನು ಇಲಾಖೆ ಮೆಚ್ಚಿದೆ.

೨. ಹಿತ್ತಲಿನ ಪಂಪು ಹತ್ತು ಕುದುರೆಯದು. ಅದರ ತಗಡಿನ ಮೇಲೆ ೧೦ ಅಳಿಸಿ ೭.೪೬ (ಬಾಯಿಮಾತಿನಲ್ಲಿ ಏಳೂವರೆ) ಎಂದು ಬರೆಯಲಾಯಿತು. ಪವರ್ ಹತ್ತಕ್ಕಿಂತ ಕಡಿಮೆಯಿದ್ದರೆ ಆಪರೇಟರ್ ಹುದ್ದೆ ಇಲ್ಲ ಎಂಬುದು ಹಳೆಯ ನಿಯಮ. ನಿಯಮದೊಳಗಿನ ಹತ್ತನ್ನೂ ಪರಿವರ್ತಿಸಬೇಕಿತ್ತೆಂದು ಕೆಲವರು ಗೊಣಗಿದ್ದಾರೆ. ಗೊಣಗಾಟ ಲಿಖಿತ ರೂಪದಲ್ಲಿ ಸ್ವೀಕೃತವಾಗಿಲ್ಲ. ಆದ್ದರಿಂದ, ಎಲ್ಲರೂ ಪಂಪಣ್ಣ ಎಂದು ಕರೆಯುವ ಆಪರೇಟರ್ ಅವರ ಹುದ್ದೆಯನ್ನು ರದ್ದುಪಡಿಸಲಾಯಿತು.

೩. ಸದರಿ ಪಂಪಣ್ಣನವರು "ಸಾರ್, ತಗಡಿನ ಮೇಲೆ ಏನಾದ್ರೂ ಬರ್ಕೊಳ್ಳಿ, ನೀರು ಮೊದಲಿನಷ್ಟೇ ಬರ್ತಾ ಇದೆಯಲ್ಲ" ಎಂದು ವಾದಿಸಿರುತ್ತಾರೆ. ಪರಿಶೀಲಿಸಲಾಗಿ, ನೀರು ನಿಜಕ್ಕೂ ಅಷ್ಟೇ ಬರುತ್ತಿತ್ತು. ಇದು ಸುತ್ತೋಲೆಯ ಉಲ್ಲಂಘನೆಯಾದ್ದರಿಂದ ನೀರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ನೀರು ಉತ್ತರಿಸಿಲ್ಲ.

೪. ಪಂಪಣ್ಣನವರು ತಮ್ಮ ಟವೆಲ್ಲು, ಛತ್ರಿ ತೆಗೆದುಕೊಂಡು, ಬೀಗದ ಕೈ ಒಪ್ಪಿಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಇಲಾಖೆಗೆ ಬೇಸರವಾಯಿತು. ಬೇಸರಕ್ಕೆ ಘಟನೋತ್ತರ ಅನುಮೋದನೆ ಕೋರಲಾಗಿದೆ.

೫. ಆಪರೇಟರ್ ಹೊರತು ಯಾರೂ ಸ್ವಿಚ್ ಮುಟ್ಟತಕ್ಕದ್ದಲ್ಲ ಎಂಬ ನಿಯಮವೂ ಇರುವುದರಿಂದ ಪಂಪು ನಿಂತಿದೆ. ಈಗ ಅದರ ಪವರ್ ಸೊನ್ನೆ. ಸೊನ್ನೆ ಕುದುರೆಯೂ ಸೊನ್ನೆ ಕಿಲೋವ್ಯಾಟೂ ಒಂದೇ ಆಗಿದ್ದು, ಪರಿವರ್ತನೆ ನೂರಕ್ಕೆ ನೂರು ಯಶಸ್ವಿಯಾಗಿದೆಯೆಂದು ಹರ್ಷದಿಂದ ತಿಳಿಸಲಾಗಿದೆ. ಶೌಚಾಲಯಕ್ಕೆ ಹೋಗಬಯಸುವ ಸಿಬ್ಬಂದಿ ಸದರಿ ಹರ್ಷದಲ್ಲಿ ಪಾಲ್ಗೊಂಡು ತಡೆದುಕೊಳ್ಳತಕ್ಕದ್ದು.

೬. ಆದಾಗ್ಯೂ, ನಿರ್ದೇಶಕರು ಮುಖಕ್ಕೆ ಸೋಪು ಹಚ್ಚಿಕೊಂಡ ಸ್ಥಿತಿಯಲ್ಲಿ ನಲ್ಲಿ ತಿರುಗಿಸಿದ್ದರಿಂದ, ವಿಷಯವನ್ನು ಮಾನವೀಯ ನೆಲೆಯಲ್ಲಿ ಮರುಪರಿಶೀಲಿಸಲಾಯಿತು. ಪಂಪಣ್ಣನವರ ಮನೆಗೆ ಜವಾನರನ್ನು ಕಳುಹಿಸಲಾಗಿ, "ಬರ್ತೀನಿ ಕಣಪ್ಪ. ಆದ್ರೆ ಹತ್ತಕ್ಕೆ ಬರ್ತೀನಿ, ಏಳೂವರೆಗೆ ಬರಲ್ಲ ಅಂತ ಹೇಳು" ಎಂಬ ಉತ್ತರ ದೊರೆಯಿತು. ಅದರಂತೆ ಮರುದಿನ ಹತ್ತು ಗಂಟೆಗೆ ಸಮಸ್ತ ಸಿಬ್ಬಂದಿ ಬಕೆಟ್ ಹಿಡಿದು ಪಂಪ್ ಮನೆಯ ಮುಂದೆ ಕಾಯಿತು. ಅವರು ಬರಲಿಲ್ಲ. ಅವರು ಹೇಳಿದ್ದು ಗಂಟೆಯನ್ನಲ್ಲ, ಕುದುರೆಯನ್ನು ಎಂಬುದು ಹನ್ನೊಂದರ ಸುಮಾರಿಗೆ ಇಲಾಖೆಗೆ ಹೊಳೆಯಿತು.

೭. ಆದ್ದರಿಂದ ತಗಡಿನ ಮೇಲೆ ಕೂಡಲೇ ೧೦ ಎಂದು ಬರೆಯತಕ್ಕದ್ದು. ಹುದ್ದೆಯನ್ನು ಮರುಸ್ಥಾಪಿಸಲಾಗಿದೆ. ಪಂಪಣ್ಣನವರು ಬರುವಾಗ ಸಿಬ್ಬಂದಿ ಎದ್ದು ನಿಲ್ಲತಕ್ಕದ್ದು. ಈಗಾಗಲೇ ತಡೆದುಕೊಂಡು ನಿಂತಿರುವವರು ಹಾಗೆಯೇ ಮುಂದುವರಿಯಬಹುದು.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ಸೋಪು ಒರೆಸಿಕೊಳ್ಳುತ್ತಿದ್ದಾರೆ)

ಪ್ರತಿಗಳು:
೧. ಹೆಡ್ ಕ್ಲರ್ಕ್: ಇವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳತಕ್ಕದ್ದು.
೨. ಬಣ್ಣ ಬಳಿಯುವವರು: ತುರ್ತು.
೩. ಜವಾನರು: ಮುಂದೆ ಗಂಟೆಯೋ ಕುದುರೆಯೋ ಎಂದು ಕೇಳಿಕೊಂಡು ಬರತಕ್ಕದ್ದು.
೪. ಪಂಪಣ್ಣನವರು: ಹತ್ತು ಪ್ರತಿ. ಎಣಿಸಿಯೇ ಕಳುಹಿಸಿದೆ.