ಡೆಲ್ಮರನ ಹಿಂದೆ ಹನ್ನೊಂದು ಕಾರು

ಬಾಡಿಗೆ ಕಾರಿನ ಹೆಡ್‌ಲೈಟು ಆರಿಸುವುದು ಹೇಗೆಂದು ಡೆಲ್ಮರ್ ಕೂಬಿಕನಿಗೆ ಗೊತ್ತಾಗಲಿಲ್ಲ. ಆ ದಿನದ ಅವನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಒಂಬತ್ತು ವರ್ಷ ನ್ಯೂಜಿಲೆಂಡಿನ ಬಂದರಿನಲ್ಲಿ ಕ್ರೇನ್ ನಡೆಸಿದವನು ಅವನು. ಅಲ್ಲಿ ರಸ್ತೆಯ ಎಡಕ್ಕೇ ಓಡಿಸಿ ಓಡಿಸಿ ಕೈಗೆ ಅದೇ ರೂಢಿಯಾಗಿತ್ತು; ಅಮೆರಿಕದ ಕಾರಿನಲ್ಲಿ ಎಲ್ಲ ತಿರುಗುಮುರುಗು. ಬೆಳಗ್ಗೆ ಏಳಕ್ಕೆ ಡೆನ್ವರ್ ವಿಮಾನ ನಿಲ್ದಾಣದಿಂದ ಹೊರಟ ಮೇಲೆ, ತಿರುವಿನ ದೀಪ ಹಾಕಲು ಕೈಹಾಕಿದಾಗಲೆಲ್ಲ ಮುಂದಿನ ಗಾಜಿನ ವೈಪರುಗಳು ಎದ್ದು ಕುಣಿಯುತ್ತಿದ್ದವು. ಅವನ್ನು ಸುಮ್ಮನಾಗಿಸಲು ಯಾವುದೋ ಗುಂಡಿ ಒತ್ತಿದ. ಹೆಡ್‌ಲೈಟು ಹತ್ತಿಕೊಂಡಿತು. ಆಮೇಲೆ ಏನು ತಿರುಗಿಸಿದರೂ ಆರಲಿಲ್ಲ. ಹಾಳಾಗಿ ಹೋಗಲಿ, ಉರಿದರೆ ಉರಿಯಲಿ ಎಂದು ಬಿಟ್ಟ.

ಅಣ್ಣ ವೆಂಡೆಲ್ ತೀರಿಕೊಂಡು ನಾಲ್ಕು ದಿನವಾಗಿತ್ತು. ನೆಬ್ರಾಸ್ಕಾದ ಆರ್ವಿಲ್ ಎಂಬ ಸಣ್ಣ ಊರಿನ ಶವಗೃಹದಲ್ಲಿ, ಬಂದವರು ಮುಖ ನೋಡಲೆಂದು, ಶವಪೆಟ್ಟಿಗೆ ತೆರೆದಿಟ್ಟಿರುತ್ತಾರೆಂದು ಅತ್ತಿಗೆ ಲೊರೇನ್ ಫೋನಿನಲ್ಲಿ ಹೇಳಿದ್ದಳು. "ಎರಡು ಗಂಟೆಗೆ ಮುಚ್ತಾರೆ. ಎರಡು ಅಂದ್ರೆ ಎರಡೇ. ಪಾದ್ರಿಗಳಿಗೆ ನಾಲ್ಕಕ್ಕೆ ಬೇರೆ ಊರಲ್ಲಿ ಮದುವೆ ಇದೆ. ನಿಮ್ಮಪ್ಪ ಹೋದಾಗ ಬಂದ ಹಾಗೆ ಬರಬೇಡ."

ಅಪ್ಪ ಹೋದಾಗ ಅವನು ಬಂದದ್ದು ಹೂಳಿದ ಮರುದಿನ. ಅವತ್ತು ವೆಂಡೆಲ್ ಬಾಗಿಲು ಹಾಕಿಕೊಂಡವನು ಮತ್ತೆ ಮಾತಾಡಲಿಲ್ಲ, ಡೆಲ್ಮರನೂ ಆಡಿಸಲಿಲ್ಲ. 'ತಪ್ಪು ನಂದೇ ಕಣೋ, ವೆಂಡೆಲ್' ಎನ್ನಲು ಒಂಬತ್ತು ವರ್ಷ ಸಾಕಾಗಿರಲಿಲ್ಲ. ಈಗ ಆ ಒಂದು ಮಾತನ್ನು ಅಣ್ಣನ ಮುಖ ನೋಡಿ ಹೇಳಬೇಕೆಂದು, ಸಮುದ್ರ ದಾಟಿ, ನಿದ್ದೆಗೆಟ್ಟು, ಮುನ್ನೂರು ಚಿಲ್ಲರೆ ಮೈಲಿ ಒಬ್ಬನೇ ಕಾರು ಬಿಟ್ಟುಕೊಂಡು ಹೊರಟಿದ್ದ.

ಹೆದ್ದಾರಿ ಬಿಚ್ಚಿಟ್ಟ ಪಟ್ಟಿಯ ಹಾಗೆ ನೆಟ್ಟಗೆ ಮಲಗಿತ್ತು. ಹನ್ನೆರಡಕ್ಕೆಲ್ಲ ತಲುಪುತ್ತೇನೆ, ಬೇಕಾದಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿ, ನಡುವೆ ಒಂದು ಕಡೆ ಮೊಟ್ಟೆ, ಆಲೂಗಡ್ಡೆ, ಎರಡು ತುಂಡು ಚೆರಿ ಪೈ ತಿಂದ. ನ್ಯೂಜಿಲೆಂಡಿನಲ್ಲಿ ಅಂಥ ಪೈ ಸಿಕ್ಕಿರಲಿಲ್ಲ. ತಿಂದದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡ.

ಪೆಟ್ರೋಲು ಹಾಕಿಸಲು ನಿಂತಾಗ ಕೌಂಟರಿನ ಹಿಂದಿನ ಹೆಂಗಸು ಕಿಟಕಿಯಾಚೆ ನೋಡಿ, "ಏನಪ್ಪಾ, ನಿನ್ನ ಕಾರಿನ ಮೇಲೆ ಮಾತ್ರ ಮಳೇನಾ?" ಎಂದಳು. ವೈಪರು ಇನ್ನೂ ಆಡುತ್ತಿತ್ತು.

"ಅದಿರ್ಲಿ, ಈ ಗೋಡೆ ಗಡಿಯಾರ ಕೆಟ್ಟಿದೆಯಾ? ಒಂದೂ ಐದು ಅಂತಿದೆ. ನನ್ನದ್ರಲ್ಲಿ ಹನ್ನೆರಡೂ ಐದು."

"ಅದ್ಯಾಕೆ ಕೆಡುತ್ತೆ? ಡೆನ್ವರ್ ಕಡೆಯಿಂದ ಬಂದ್ಯಾ? ಹಿಂದೆ ಹಸಿರು ಫಲಕ ಒಂದಿತ್ತಲ್ಲ, ಅಲ್ಲಿಂದೀಚೆಗೆ ಗಡಿಯಾರ ಒಂದು ಗಂಟೆ ಮುಂದೆ. ಅಲ್ಲೇ ನಿನ್ನ ಒಂದು ಗಂಟೆ ಬಿದ್ದೋಯ್ತು. ಪೂರ್ವಕ್ಕೆ ಬರೋರೆಲ್ಲ ಅಲ್ಲೇ ಕಳ್ಕೊಳ್ಳೋದು."

ಇಲ್ಲೇ ಹುಟ್ಟಿ ಬೆಳೆದವನು, ಇದನ್ನು ಮರೆತಿದ್ದ! ಉಳಿದದ್ದು ಮೂವತ್ತು ಮೈಲಿ, ಐವತ್ತೈದು ನಿಮಿಷ. ಆದರೂ ಸಾಕು ಎಂದು ಧೈರ್ಯ ಹೇಳಿಕೊಂಡು ಒಳರಸ್ತೆ ಹಿಡಿದ.

ಹತ್ತು ಮೈಲಿ ಹೋಗುವಷ್ಟರಲ್ಲಿ ಒಂದು ಚರ್ಚಿನ ಮುಂದೆ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದು ನಿಂತಿದ್ದ. ಚರ್ಚಿನಿಂದ ಶವದ ಕಾರು ಹೊರಟಿತ್ತು. ಅದರ ಹಿಂದೆ, ಅಲ್ಲಿನ ಶವಯಾತ್ರೆಯ ರೂಢಿಯಂತೆ ಹಾಡುಹಗಲಲ್ಲೇ ಹೆಡ್‌ಲೈಟು ಹಾಕಿಕೊಂಡು, ಸಾಲು ಸಾಲು ಕಾರುಗಳು. ಪೊಲೀಸಿನವನು ಡೆಲ್ಮರನ ಕರಿ ಕೋಟು ನೋಡಿದ, ಉರಿಯುವ ಹೆಡ್‌ಲೈಟು ನೋಡಿದ, ಸಾಲಿನ ನಡುವೆ ಜಾಗ ಮಾಡಿ ಕೈಬೀಸಿದ.

ಡೆಲ್ಮರ್ ಕಿಟಕಿ ಇಳಿಸಿ ಕೂಗಿದ: "ನಾನು ಇವರ ಪೈಕಿ ಅಲ್ಲ ಕಣ್ರೀ!"

ಪೊಲೀಸಿನವನು ಟೋಪಿ ತೆಗೆದ. "ದುಃಖದಲ್ಲಿ ಎಲ್ರಿಗೂ ಹಾಗೇ ಅನ್ಸುತ್ತೆ, ಸರ್. ನಡೀರಿ."

ನಡೆದ. ಗಂಟೆಗೆ ಇಪ್ಪತ್ತು ಮೈಲಿ. ಎದುರಿನಿಂದ ಬಂದ ಟ್ರ್ಯಾಕ್ಟರು ಪಕ್ಕಕ್ಕೆ ನಿಂತಿತು. ರೈತ ಕೆಳಗಿಳಿದು ಟೋಪಿಯನ್ನು ಎದೆಗಿಟ್ಟುಕೊಂಡ. ಆ ಸೀಮೆಯಲ್ಲಿ ಬ್ಯಾಂಕು ದೋಚಿದವನನ್ನಾದರೂ ಜನ ಕ್ಷಮಿಸಿಯಾರು. ಶವದ ಸಾಲು ದಾಟಿ ಮುಂದೆ ಹೋದವನ ಮೊಮ್ಮಕ್ಕಳಿಗೂ ಹೆಣ್ಣು ಸಿಗುವುದಿಲ್ಲ. ಡೆಲ್ಮರ್ ಹಲ್ಲು ಕಚ್ಚಿ ಗಡಿಯಾರ ನೋಡುತ್ತ ಹಿಂಬಾಲಿಸಿದ.

ಕೊನೆಗೆ ಕವಲು ಬಂತು. ಶವ ಎಡಕ್ಕೆ ಹೋಯಿತು, ಆರ್ವಿಲ್ ಬಲಕ್ಕೆ. ಡೆಲ್ಮರ್ ಬಲಕ್ಕೆ ತಿರುಗಿ ಉಸಿರು ಬಿಟ್ಟು ಕನ್ನಡಿ ನೋಡಿದ. ಅವನ ಹಿಂದಿದ್ದ ಹನ್ನೊಂದು ಕಾರುಗಳೂ ಬಲಕ್ಕೆ ತಿರುಗಿದ್ದವು.

ವೇಗ ಹೆಚ್ಚಿಸಿದ. ಅವೂ ಹೆಚ್ಚಿಸಿದವು. ನಿಲ್ಲಿಸಿದ. ಹನ್ನೊಂದೂ ನಿಂತವು. ಮೊದಲ ಕಾರಿನಿಂದ ಗಳದಂಥ ಮುದುಕನೊಬ್ಬ ಇಳಿದು ಬಂದ. ಹೆಸರು ಮಿಲೋ, ಪಕ್ಕದ ಅಯೋವಾ ರಾಜ್ಯದವನು.

"ಏನಾಯ್ತಪ್ಪ? ಮಳೆ ಇಲ್ದಿದ್ರೂ ವೈಪರ್ ಹಾಕಿದ್ಯಲ್ಲ, ಹುಷಾರಿಲ್ವಾ?"

ಡೆಲ್ಮರ್ ಒಂದೇ ಉಸಿರಿಗೆ ಎಲ್ಲ ಹೇಳಿದ. ಅಷ್ಟರಲ್ಲಿ ಉಳಿದವರೂ ಇಳಿದು ಸುತ್ತ ನೆರೆದರು. ಎಲ್ಲ ಅಯೋವಾದವರೇ, ಸ್ಮಶಾನದ ದಾರಿ ಒಬ್ಬರಿಗೂ ಗೊತ್ತಿಲ್ಲದೆ ಮುಂದಿದ್ದ ಇವನನ್ನೇ ಹಿಂಬಾಲಿಸಿದ್ದರು. ನಾಲ್ಕು ಕಾಲಿನ ಊರುಗೋಲು ಹಿಡಿದ ಅರ್ಲೀನ್ ಎಂಬ ಮುದುಕಿ ಕೇಳಿದಳು: "ನಿಮ್ಮಣ್ಣನ ಕಾರ್ಯಕ್ಕೆ ಎಷ್ಟು ಜನ ಬರ್ತಾರೆ?"

"ಅತ್ತಿಗೆ. ನಾನು. ಪಾದ್ರಿ. ಅವನು ಯಾರ ಹತ್ರಾನೂ ಸರಿಯಾಗಿ ಇರ್ಲಿಲ್ಲ."

"ಮೂರೇ ಜನಾನಾ? ಮೂರು ಜನ ಸೇರಿ ಬೆಕ್ಕನ್ನೂ ಮಣ್ಣು ಮಾಡಬಾರದು. ಮಿಲೋ, ನಮ್ಮ ಸೋದರತ್ತೇನ ಮಣ್ಣು ಮಾಡೋಕೆ ಅಲ್ಲಿ ಊರಿಗೆ ಊರೇ ಇದೆ. ನಾವೆಲ್ಲ ಹೇಗೂ ಕರಿ ಬಟ್ಟೆ ಹಾಕ್ಕೊಂಡೇ ಬಂದಿದ್ದೀವಿ. ನಡಿ, ಇವನ ಜೊತೆ ಹೋಗೋಣ."

"ಬೇಡಮ್ಮ, ನಿಮಗ್ಯಾಕೆ ತೊಂದರೆ..."

"ತೊಂದರೆ ಏನು ಬಂತು? ಡಿಕ್ಕಿಯಲ್ಲಿ ಕಾರ್ಯದ ಊಟಕ್ಕೆ ಅಂತ ತಂದ ಆಲೂಗಡ್ಡೆ ಸಲಾಡೂ ಇದೆ."

ಇದನ್ನು ತೀರ್ಮಾನಿಸಲು ಏಳು ನಿಮಿಷ ಹಿಡಿಯಿತು. ಆರ್ವಿಲ್ ಮುಟ್ಟಿದಾಗ ಒಂದು ಐವತ್ತು. ಡೆಲ್ಮರ್ ಕಾರಿನಿಂದ ಜಿಗಿದು, ಎರಡೆರಡು ಮೆಟ್ಟಿಲು ಹಾರಿ, ಶವಗೃಹದ ಬಾಗಿಲು ಎಳೆದ. ಹತ್ತು ನಿಮಿಷ ಇತ್ತು! ಬೆನ್ನ ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗಿ ನೋಡಿದರೆ ಮಿಲೋ. ಡೆಲ್ಮರನ ಕೈ ತಾನಾಗಿ ಬಾಗಿಲನ್ನು ಹಿಡಿದು ನಿಂತಿತು.

"ಮೊದಲು ನೀನು," ಎಂದ ಮಿಲೋ.

"ಇಲ್ಲ ಇಲ್ಲ, ಮೊದಲು ನೀವು."

ಮಿಲೋ ಒಳಗೆ ಹೋದ. ಹಿಂದೆ ಅವನ ಹೆಂಡತಿ, ಅವಳ ತಂಗಿ, ತಂಗಿಯ ಗಂಡ. ಒಬ್ಬೊಬ್ಬರೂ ನಿಂತು, "ಥ್ಯಾಂಕ್ಸ್ ಕಣಪ್ಪ," "ಸಾರಿ ಕಣಪ್ಪ," ಎಂದು ಭುಜ ತಟ್ಟಿ ನಡೆದರು. ಒಮ್ಮೆ ಬಾಗಿಲು ಹಿಡಿದವನು ಕೊನೆಯವರು ಒಳಗಾಗುವ ತನಕ ಬಿಡುವಂತಿಲ್ಲ. ಆ ಸೀಮೆಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರಿಲ್ಲ. ಹದಿನೈದು ಜನ, ಇಪ್ಪತ್ತು ಜನ, ಇಪ್ಪತ್ತೊಂಬತ್ತು ಜನ. ಕೊನೆಯವಳಾಗಿ ಅರ್ಲೀನ್ ಊರುಗೋಲಿನೊಂದಿಗೆ ಮೆಟ್ಟಿಲು ಹತ್ತುತ್ತಿದ್ದಳು. ಒಂದು ಮೆಟ್ಟಿಲು ಹತ್ತುವಳು, ನಿಲ್ಲುವಳು, ಹವೆಯ ಬಗ್ಗೆ ಒಂದು ಮಾತು ಆಡುವಳು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ ಡೆಲ್ಮರ್ ತಲೆಯೆತ್ತಿದಾಗ ಎರಡು ಹೊಡೆದಿತ್ತು. ಪೆಟ್ಟಿಗೆ ಮುಚ್ಚಿತ್ತು.

ಲೊರೇನ್ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಮುಖವೆಲ್ಲ ಒದ್ದೆಯಾಗಿತ್ತು. "ಡೆಲ್ಮರ್, ಇಷ್ಟು ಜನ! ನನ್ನ ಮಣ್ಣಿಗೆ ನಾಯೀನೂ ಬರಲ್ಲ ಅಂತಿದ್ದ ನಿಮ್ಮಣ್ಣ. ಎಲ್ಲರೂ ಒಬ್ಬೊಬ್ಬರಾಗಿ ಮುಖ ನೋಡಿ ಹೋದ್ರು. ನೀನೂ ನೋಡಿರ್ತೀಯ ಅಂದ್ಕೊಂಡು, ಇನ್ನು ಸಾಕು, ಮುಚ್ಚಿ ಅಂತ ನಾನೇ ಹೇಳ್ದೆ. ನೋಡಿದೆ ತಾನೆ?"

ಇಪ್ಪತ್ತೊಂಬತ್ತು ಜನ ಹಾಡಿನ ಪುಸ್ತಕ ತೆರೆದು ಕಾಯುತ್ತಿದ್ದರು. ಪಾದ್ರಿ ಕೈಗಡಿಯಾರ ನೋಡಿಕೊಂಡರು. 'ಇನ್ನೊಮ್ಮೆ ತೆಗೀರಿ' ಎಂಬ ಮಾತು ಡೆಲ್ಮರನ ಗಂಟಲವರೆಗೂ ಬಂತು.

"ನೋಡ್ದೆ," ಎಂದ.

ಅಳು ತಡೆಯಲಾರದೆ ಹೋಗಿ ಮಿಲೋನ ಪಕ್ಕದಲ್ಲಿ ಕುಳಿತ. ಹಾಡು ಶುರುವಾಯಿತು. ಎರಡು ಸಾಲು ಮುಗಿದ ಮೇಲೆ ಮೆಲ್ಲಗೆ ಕೇಳಿದ: "ನಮ್ಮಣ್ಣ ಹೇಗಿದ್ದ?"

ಮಿಲೋ ಅವನ ಕಿವಿಯ ಹತ್ತಿರ ಬಾಗಿದ.

"ಚೆನ್ನಾಗೇ ಇದ್ದ ಕಣಪ್ಪ. ಯಾರೋ ಬರ್ತಾರೆ ಅಂತ ಕಾದೂ ಕಾದೂ, ಸಿಟ್ಟು ಮಾಡ್ಕೊಂಡು ಮಲಗಿದ ಹಾಗಿದ್ದ."