ಬಳಪದ ಕಲ್ಲಿನ ನೀಲಿ ಬಳ್ಳಿ

ನಾನು ಮನೆಗೆ ಬಂದದ್ದು ನನ್ನ ಹೆಂಡತಿಗೆ ಗೇಟಿನ ಸದ್ದಿನಿಂದ ಗೊತ್ತಾಗುವುದಿಲ್ಲ, ವಾಸನೆಯಿಂದ ಗೊತ್ತಾಗುತ್ತದೆ. ಅರಸೀಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನ ಹಣೆಬರಹ ಇದು. ತಾಮ್ರದ ಲವಣವಾದ ಮೈಲುತುತ್ತ ಕರಗಿಸಿದ ನೀರಿಗೆ ಘಾಟು ವಾಸನೆಯ ಅಮೋನಿಯಾ ಸುರಿಯುತ್ತ ಹೋದರೆ, ತಾಮ್ರದ ಸುತ್ತ ಅಮೋನಿಯಾ ಕೈಹಿಡಿದು ನಿಂತು, ಲೋಹ ಸಂಕೀರ್ಣ ಎಂಬ ಕಡುನೀಲಿ ವಸ್ತು ಹುಟ್ಟುತ್ತದೆ. ಆ ನೀಲಿ ಕಂಡಾಗ ಮಕ್ಕಳ ಮುಖ ಅರಳುವುದನ್ನು ನೋಡಲೆಂದೇ ನಾನು ಈ ಕೆಲಸದಲ್ಲಿದ್ದೇನೆ. ತೊಂದರೆಯೆಂದರೆ ಲ್ಯಾಬಿನ ಪಕ್ಕದ ಕೋಣೆ ಪ್ರಿನ್ಸಿಪಾಲರದು. "ಸಾಕು ಕಣ್ರೀ, ಕಣ್ಣುರಿ ತಡೆಯೋಕಾಗಲ್ಲ. ಸೋಮವಾರ ವಾಸನೆ ಇಲ್ದೆ ಮಾಡಿ ತೋರಿಸಿ. ಆಗ್ಲಿಲ್ವಾ, ಇನ್ಮೇಲೆ ಈ ಪ್ರಯೋಗ ಪರದೆ ಮೇಲೆ ಮಾತ್ರ" ಎಂದರು. ಪರದೆಯ ಮೇಲಿನ ನೀಲಿ! ನನಗೆ ಅಳುವೇ ಬಂತು.

ದಾರದಷ್ಟು ಸಣ್ಣ ಕಾಲುವೆಗಳಲ್ಲಿ ಹನಿಹನಿಯಾಗಿ ಹರಿಸಿ ಇಂಥವನ್ನು ತಯಾರಿಸುವ ಮೈಕ್ರೋಫ್ಲೂಯಿಡಿಕ್ ಚಿಪ್‌ಗಳಿವೆ ಎಂದು ಓದಿದ್ದೆ. ಹನಿಯಷ್ಟೇ ಸಾಕಾದರೆ ವಾಸನೆಯೂ ಅಷ್ಟಕ್ಕಷ್ಟೆ. ತರಿಸಲು ಸಮಯವಿರಲಿಲ್ಲ. ಕಲ್ಲಿನಲ್ಲೇ ಅಂಥದೊಂದನ್ನು ಕೊರೆಸೋಣವೆಂದು ಹಳೇಬೀಡಿನ ಬಸ್ಸು ಹತ್ತಿದೆ. ಅಲ್ಲಿ ಬಳಪದ ಕಲ್ಲಿನಲ್ಲಿ ಪುಟ್ಟ ಗಣಪತಿಗಳನ್ನು ಕೆತ್ತುವ ರುದ್ರಾಚಾರ್ರು ನನಗೆ ಹಳೆಯ ಪರಿಚಯ. ಸ್ಕೇಲಿಟ್ಟು ಚೀಟಿ ಬರೆದುಕೊಟ್ಟೆ: ದ್ರವ ಬಿಡಲು ಎರಡು ಬಾಯಿ, ಒಂದು ನೇರ ಕಾಲುವೆ. ಶನಿವಾರ ಹೋಗಿ ನೋಡಿದರೆ ಕಾಲುವೆ ಸುರುಳಿ ಸುರುಳಿಯಾಗಿ ಹಬ್ಬಿ, ತುದಿಯಲ್ಲಿ ಮೊಗ್ಗನ್ನೂ ಬಿಟ್ಟಿತ್ತು!

"ಏನ್ ಆಚಾರ್ರೇ ಇದು? ನಾನು ಕೇಳಿದ್ದು ನೆಟ್ಟಗಿನ ಗೆರೆ!"

"ನೆಟ್ಟಗೆ ಓಡಿದ್ರೆ ಕಲ್ಲು ಬೋಳುಬೋಳು ಕಾಣ್ತೈತೆ ಮೇಷ್ಟ್ರೇ. ಕೈ ಕೇಳ್ಲಿಲ್ಲ, ಒಂದ್ ಬಳ್ಳಿ ಬಿಟ್ಟೆ."

ನನಗೆ ರೇಗಿತು. ಇದು ವಿಜ್ಞಾನ, ಗುಡಿಯ ಬಾಗಿಲ ಚೌಕಟ್ಟಲ್ಲ ಎಂದೆ. ಪಾಪ, ಅವರು ಮುಖ ಸಣ್ಣದು ಮಾಡಿಕೊಂಡು ಕಲ್ಲನ್ನು ಮಗುಚಿ, ಹಿಂಬದಿಯಲ್ಲಿ ನೇರ ಗೆರೆ ಕೊರೆದುಕೊಟ್ಟರು.

ಸೋಮವಾರ ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ನೇರ ಗೆರೆಯ ಮೇಲೆ ಗಾಜು ಮುಚ್ಚಿ, ಕ್ಲಿಪ್ಪು ಹಾಕಿ, ಮೈಲುತುತ್ತದ ನೀರು ಒಂದರಲ್ಲಿ, ಅಮೋನಿಯಾ ಇನ್ನೊಂದರಲ್ಲಿ ತುಂಬಿದ್ದ ಎರಡು ಸಿರಿಂಜನ್ನೂ ಒತ್ತಿದೆ. ಜಗಳವಾಡಿದ ವಾರಗಿತ್ತಿಯರ ಹಾಗೆ ಎರಡು ದ್ರವಗಳೂ ಅಕ್ಕಪಕ್ಕದಲ್ಲೇ ಸಾಗಿದವೇ ಹೊರತು ಬೆರೆಯಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಬೇರೆ ದಾರಿ ಕಾಣದೆ ಕಲ್ಲನ್ನು ಮಗುಚಿ, ಬಳ್ಳಿಯ ಮೇಲೆ ಗಾಜು ಮುಚ್ಚಿ ಮತ್ತೆ ಸಿರಿಂಜು ಒತ್ತಿದೆ. ಮೊದಲ ತಿರುವಿನಲ್ಲಿ ದ್ರವಗಳು ಒಂದನ್ನೊಂದು ತಳ್ಳಿದವು. ಎರಡನೆಯದರಲ್ಲಿ ಕೊಂಚ ನೀಲಿ, ಮೂರನೆಯದರಲ್ಲಿ ಇನ್ನಷ್ಟು. ಮೊಗ್ಗು ತಲುಪುವಷ್ಟರಲ್ಲಿ, ಆಹಾ, ಕಣ್ಣು ತುಂಬುವಂಥ ಕಡುನೀಲಿ! ನಾಲ್ಕು ಹನಿ ಸೀಸೆಗೆ ಇಳಿದವು, ಮುಚ್ಚಳ ಬಿತ್ತು; ಕರವಸ್ತ್ರ ತೆಗೆದ ಪ್ರಿನ್ಸಿಪಾಲರಿಗೆ ಏನೂ ವಾಸನೆ ಬರಲಿಲ್ಲ.

"ಭೇಷ್! ಮಕ್ಕಳ ಕೈಗೇ ಕೊಡಿ. ಈ ಬಳ್ಳಿ ಯಾರ ಐಡಿಯಾ ರೀ?"

"ನಂದೇ ಸಾರ್" ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ತಿರುವುಗಳಲ್ಲಿ ದ್ರವಗಳು ಬೆರೆಯುವ ಬಗ್ಗೆ ಹತ್ತು ನಿಮಿಷ ಪಾಠವನ್ನೂ ಮಾಡಿದೆ.

ಭಾನುವಾರ ನಾಚಿಕೆ ತಡೆಯಲಾರದೆ ಹಳೇಬೀಡಿಗೆ ಹೋಗಿ ಆಚಾರ್ರ ಮುಂದೆ ಎಲ್ಲ ಒಪ್ಪಿಕೊಂಡೆ. ಮಕ್ಕಳಿಗಾಗಿ ಇನ್ನೂ ಹತ್ತು ಕಲ್ಲು ಬೇಕೆಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದಕ್ಕೇನಂತೆ ಮೇಷ್ಟ್ರೇ, ಹತ್ತಕ್ಕೂ ಬಳ್ಳಿ ಬಿಡ್ತೀನಿ. ಚೀಟಿ ಮಾತ್ರ ಬರ್ಕೊಡಬ್ಯಾಡಿ."

ಜೇಬಿನಿಂದ ಅರ್ಧ ಹೊರಗೆ ಬಂದಿದ್ದ ಸ್ಕೇಲನ್ನು ಮೆಲ್ಲಗೆ ಒಳಕ್ಕೆ ತಳ್ಳಿದೆ.